ಅದೇ ದಿನ ತೊಳೆಯಬೇಕಾದ ಪೇಸ್ಟು

ನಮ್ಮನೆಯವರು ತಾಮ್ರದ ಪೈಪಿನ ಕೆಲಸ ಬಿಟ್ಟುಬಿಟ್ರು. ಈಗ ಬರೀ ಪ್ಲಾಸ್ಟಿಕ್. ಕೊಯ್ಯೋದು, ಅಂಟು ಹಚ್ಚೋದು, ತಿರುಚಿ ಕೂರಿಸೋದು, ಮನೆಗೆ ಬರೋದು. ಯಾಕಪ್ಪಾ ಬಿಟ್ಟೆ ಅಂತ ಭದ್ರಾವತೀಲಿ ಯಾರಾದ್ರೂ ಕೇಳಿದ್ರೆ, ತಾಮ್ರ ದುಬಾರಿ ಆಯ್ತು, ಈಗ ಯಾರು ಹಾಕಿಸ್ತಾರೆ ಅಂತ ನಕ್ಕು ಮಾತು ಹಾರಿಸ್ತಾರೆ. ಶುದ್ಧ ಸುಳ್ಳು. ಕಾರಣ ಅವರ ಅಣ್ಣ ಮತ್ತು ಅವರ ಹೆತ್ತ ತಾಯಿ. ಇದನ್ನ ಹೇಳಬಾರದು ಅಂತ ಅವರು ನನ್ನ ಬಾಯಿ ಎಷ್ಟೋ ಸಲ ಮುಚ್ಚಿಸಿದ್ದಾರೆ. ಬಾಯಿ ಮುಚ್ಚಿಕೊಂಡು ಇರೋ ಜಾಯಮಾನ ನಂದಲ್ಲ, ಏನು ಮಾಡೋದು.

ನಮ್ಮ ಮಾವ ಇಲ್ಲಿನ ಕಾರ್ಖಾನೇಲಿ ಪೈಪ್ ಫಿಟ್ಟರ್ ಆಗಿದ್ದವರು. ನಾನು ಮದುವೆಯಾಗಿ ಬರೋ ಹೊತ್ತಿಗೆ ತೀರಿಕೊಂಡಿದ್ರು. ಅವರ ದೊಡ್ಡ ಮಗ, ಅಂದ್ರೆ ನಮ್ಮ ಭಾವ, ಶಿವಮೊಗ್ಗದಲ್ಲಿ ಅಡಿಕೆ ಮಂಡಿಗೆ ಕೆಲಸಕ್ಕೆ ಸೇರಿ, ಆಮೇಲೆ ತಾವೇ ಮಂಡಿ ಇಟ್ಟು ಮೇಲೆ ಬಂದ್ರು. ಅಪ್ಪನ ಕೈಕೆಲಸ ಬಂದಿದ್ದು ಚಿಕ್ಕವರಾದ ನಮ್ಮನೆಯವರಿಗೆ. ಅತ್ತೆ ಇದ್ದದ್ದು ದೊಡ್ಡ ಮಗನ ಹತ್ರ. ನಮ್ಮಲ್ಲಿಗೆ ಹಬ್ಬಕ್ಕೆ ಬರೋರು, ಬಂದ ದಿನವೇ ವಾಪಸ್ ಹೋಗೋ ಬಸ್ಸಿನ ಹೊತ್ತು ಕೇಳೋರು.

ಇವರು ಸೋಲಾರ್ ಹೀಟರಿಗೆ ತಾಮ್ರದ ಲೈನ್ ಎಳೆಯೋದು ನೋಡಬೇಕಿತ್ತು ನೀವು. ನಾನು ಬ್ಲೌಸ್ ಹೊಲಿಯೋಳು, ಕೈಕೆಲಸ ಅಂದ್ರೆ ಏನು ಅಂತ ನನಗೆ ಗೊತ್ತು. ಒಲೆಯಿಂದ ಎತ್ತಿದ ಹಾಗೆ ಕಾದ ಪೈಪಿನ ಸಂದಿಗೆ ಬೆಸುಗೆ ತಂತಿ ಮುಟ್ಟಿಸಿದ್ರೆ ಸಾಕು, ಅದು ಕರಗಿ, ಬೆಳ್ಳಗೆ ಹೊಳೆದು, ಸುತ್ತಲೂ ಓಡಿ ಒಳಗೆ ಹೋಗಿಬಿಡ್ತಿತ್ತು. ಹಾಗೆ ಓಡಬೇಕಾದ್ರೆ ಮೊದಲು ಒಂದು ಪೇಸ್ಟ್ ಹಚ್ಚಬೇಕು. ಅದಕ್ಕೆ ಫ್ಲಕ್ಸ್ ಅಂತಾರೆ, ಇವರ ಬಾಯಲ್ಲಿ ಬರೀ ಪೇಸ್ಟು. ಕಲಾಯಿ ಹಾಕೋನು ಪಾತ್ರೆಗೆ ನವಸಾಗರ ಎರಚ್ತಾನಲ್ಲ, ಇದರದ್ದೂ ಅದೇ ಕೆಲಸ. ತಾಮ್ರದ ಮೇಲಿನ ಕಪ್ಪು ತೆಗೆದು ಬೆಸುಗೆಗೆ ದಾರಿ ಮಾಡಿಕೊಡುತ್ತೆ. ಪೈಪಿನ ಕೆಲಸ ನಿಲ್ಲೋದು ಬೀಳೋದು ಯಾವ ಪೇಸ್ಟ್ ಹಚ್ಚಿದೆ ಅನ್ನೋದರ ಮೇಲೆ ಅಂತ ಇವರು ಹೇಳ್ತಿದ್ರು.

ಭಾವ ಶಿವಮೊಗ್ಗದ ಹೊಸ ಬಡಾವಣೇಲಿ ಮನೆ ಕಟ್ಟಿಸಿದ್ರು. ಪಕ್ಕದ ಮಂಡಿಯವರ ಮನೇಲಿ ಬಿಸಿನೀರಿಗೆ ತಾಮ್ರದ ಪೈಪ್ ಇದೆಯಂತೆ, ಹಾಗಾಗಿ ಭಾವನ ಮನೇಲೂ ತಾಮ್ರವೇ ಆಗಬೇಕಾಯ್ತು. ತಾಮ್ರದ ನೀರು ಮೈಗೆ ಒಳ್ಳೇದು ಅಂತ ಓರಗಿತ್ತಿ ಬಂದವರಿಗೆಲ್ಲ ಪಾಠ ಹೇಳ್ತಿದ್ರು. ಕೆಲಸ ತಮ್ಮನಿಗೆ ಕೊಟ್ರು. ಹೊರಗಿನವನನ್ನ ಕರೆದ್ರೆ ಅವನು ಎದುರು ಮಾತಾಡ್ತಾನೆ, ತಮ್ಮ ಆದ್ರೆ ಆಡಲ್ಲ. ಇದು ನನ್ನ ಲೆಕ್ಕ, ಇವರು ಒಪ್ಪಲ್ಲ.

ಇವರು ಆ ಕೆಲಸಕ್ಕೆ ಜೀವ ಬಿಟ್ಟಿದ್ದಕ್ಕೆ ಬೇರೆ ಕಾರಣ ಇತ್ತು. ಭಾವನ ಸ್ನೇಹಿತರೊಬ್ಬರು ಸೋಗಾನೆ ಕಡೆ ದೊಡ್ಡ ಲಾಡ್ಜ್ ಎಬ್ಬಿಸ್ತಿದ್ರು. ಅಲ್ಲಿ ವಿಮಾನ ನಿಲ್ದಾಣ ಆದ ಮೇಲೆ ಆ ರಸ್ತೇಲಿ ಎಲ್ಲರಿಗೂ ಲಾಡ್ಜ್ ಹುಚ್ಚು. ಅಷ್ಟೂ ರೂಮಿಗೆ ಸೋಲಾರ್ ಬಿಸಿನೀರು, ಅಷ್ಟಕ್ಕೂ ತಾಮ್ರದ ಲೈನು. ನಿನ್ನ ಗೃಹಪ್ರವೇಶಕ್ಕೆ ಬಂದಾಗ ನಿನ್ನ ತಮ್ಮನ ಕೆಲಸ ನೋಡ್ತೀನಿ, ಚೆನ್ನಾಗಿದ್ರೆ ಲಾಡ್ಜ್ ಅವನಿಗೇ ಅಂತ ಭಾವನಿಗೆ ಹೇಳಿದ್ರಂತೆ. ಅದನ್ನ ಕೇಳಿದ ದಿನ ಇವರು ಊಟ ಮಾಡ್ತಾ ಮಾಡ್ತಾ ತಟ್ಟೇಲೇ ಬೆರಳಿಂದ ಲೈನ್ ಎಳೀತಿದ್ರು. ಊರವರ ಮನೆ ನಲ್ಲಿಗೆ ವಾಷರ್ ಹಾಕಿಕೊಂಡೇ ಮುದುಕ ಆಗ್ತೀನಿ ಅಂದುಕೊಂಡಿದ್ದೆ ಕಣೆ, ಇದೊಂದು ಸಿಕ್ಕಿದ್ರೆ ಅಪ್ಪ ಕಲಿಸಿದ್ದು ಸಾರ್ಥಕ ಅಂದ್ರು. ನನಗೂ ಆಸೆ ಹತ್ತಿತು. ಯಾಕೆ ಹತ್ತಬಾರದು?

ಪೈಪು ನೋಡಿದಾಗಲೇ ನನಗೆ ಅನುಮಾನ ಬಂತು. ಭಾವ ಹೊಸದು ತರಿಸಿರಲಿಲ್ಲ. ಯಾರದೋ ಗೋಡೌನಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಪೈಪನ್ನ ಹಿಡಿದು ತಂದು, ತಮ್ಮ ಮಂಡಿಯ ಹಿಂದೆ ತೇವದಲ್ಲಿ ಹಾಕಿಸಿದ್ರು. ಅಡಿಕೆ ಬೇಯಿಸೋ ಹಂಡೆಯ ತಳದ ಹಾಗೆ ಕಪ್ಪಗಾಗಿತ್ತು. ಇವರು ಉಗುರಿಂದ ಕೆರೆದು ನೋಡಿ, ತಾಮ್ರ ಗಟ್ಟಿ ಇದೆ, ಮೇಲಿನ ಕೊಳೆ ಹೋಗಬೇಕು ಅಷ್ಟೆ ಅಂದ್ರು. ಭಾವನಿಗೆ ಆಷಾಢ ಹುಟ್ಟೋ ಮುಂಚೆ ಗೃಹಪ್ರವೇಶ ಮುಗಿಸೋ ಅವಸರ.

ಪೇಸ್ಟ್ ತರೋಕೆ ಕೋಟೆ ರಸ್ತೆ ಕಡೆಯ ಸಾಬರ ಅಂಗಡಿಗೆ ನಾವಿಬ್ಬರೂ ಹೋದ್ವಿ. ಸಾಬರು ಮೂರು ಡಬ್ಬಿ ತೆಗೆದು ಕೌಂಟರಿನ ಮೇಲಿಟ್ರು. ಒಂದು ರಾಳದ್ದು, ರೇಡಿಯೊ ರಿಪೇರಿಯವರು ಒಯ್ಯೋದು, ಅದು ಪೈಪಿಗೆ ಆಗಿಬರಲ್ಲ. ಇನ್ನೊಂದು ಹಳದಿ, ಬೆಣ್ಣೆ ಹಾಗೆ ಜಿಡ್ಡು. ಅದು ಸೌಮ್ಯ, ಪೈಪಿನೊಳಗೆ ಸ್ವಲ್ಪ ಉಳಿದ್ರೂ ತಾಮ್ರಕ್ಕೆ ದೊಡ್ಡ ಕೇಡು ಮಾಡಲ್ಲ. ಆದ್ರೆ ಅದಕ್ಕೆ ಪೈಪು ಮೊದಲೇ ಲಕಲಕ ಅನ್ನಬೇಕು. ಕಪ್ಪು ಇದ್ದರೆ ಬೆಸುಗೆ ಗುಂಡಗೆ ಉರುಳಿ ಬಿದ್ದುಹೋಗುತ್ತೆ. ಮೂರನೇದು ಖಾರದ್ದು. ಎಂಥ ಕಪ್ಪನ್ನೂ ತಿಂದುಹಾಕುತ್ತೆ, ಬೆಸುಗೆ ನೀರಿನ ಹಾಗೆ ಓಡುತ್ತೆ. ನೀರಲ್ಲಿ ಕರಗುತ್ತೆ, ಅದಕ್ಕೇ ಕೆಲಸ ಆದ ದಿನವೇ ಲೈನಿಗೆ ಬಿಸಿನೀರು ಬಿಟ್ಟು ತೊಳೆದುಬಿಡಬೇಕು.

"ತೊಳೀದೆ ಬಿಟ್ರೆ ಕಪ್ಪು ತಿಂದು ಮುಗಿಸಿ ತಾಮ್ರಕ್ಕೇ ಬಾಯಿ ಹಾಕುತ್ತೆ, ನೋಡ್ಕೊಳ್ಳಿ ಭಾಯ್," ಅಂದ್ರು ಸಾಬರು.

ಇವರಿಗೆ ಗೊತ್ತಿರದ ಮಾತೇನಲ್ಲ. ಆದ್ರೂ ಎರಡೂ ಡಬ್ಬಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ರು. ಇವರ ಮನಸ್ಸಿದ್ದದ್ದು ಹಳದಿ ಮೇಲೆ. ನಾನು ಪೈಪ್ ಉಜ್ಜಿಕೊಡ್ತೀನಿ, ಅದನ್ನೇ ತಗೊಳ್ಳಿ ಅಂತ ನಾನೂ ಹೇಳಿದೆ. ಅಲ್ಲಿಂದಲೇ ಭಾವನಿಗೆ ಫೋನ್ ಹಚ್ಚಿ ಎಲ್ಲ ಬಿಡಿಸಿ ಹೇಳಿದ್ರು. ಹಳದೀದು ಆದ್ರೆ ಪೈಪ್ ಉಜ್ಜೋಕೇ ವಾರ ಹಿಡಿಯುತ್ತೆ, ಖಾರದ್ದು ಆದ್ರೆ ಬೇಗ ಆಗುತ್ತೆ, ಆದ್ರೆ ಅದೇ ದಿನ ನೀರು ಬಿಡಲೇಬೇಕು. ಭಾವ ಪೂರ್ತಿ ಕೇಳಿಸಿಕೊಂಡ್ರೋ ಇಲ್ವೋ, ಬೇಗ ಆಗೋದು ತಗೊ ಮಾರಾಯ, ನೀರು ತಾನೆ, ಬಿಟ್ಟರಾಯ್ತು ಅಂದ್ರು. ಫೋನ್ ಸ್ಪೀಕರಿನಲ್ಲಿತ್ತು. ನಾನು ಕೇಳಿಸಿಕೊಂಡೆ, ಸಾಬರೂ ಕೇಳಿಸಿಕೊಂಡ್ರು. ಖಾರದ ಡಬ್ಬಿ ಚೀಲಕ್ಕೆ ಬಿತ್ತು.

ಕೆಲಸ ಚೊಕ್ಕವಾಗಿ ನಡೀತು. ನಾನೂ ದಿನಾ ಹೋಗ್ತಿದ್ದೆ. ಖಾರದ ಪೇಸ್ಟ್ ಇದ್ದರೂ ಇವರು ಪೈಪಿನ ತುದಿ ಉಜ್ಜಿಸದೆ ಬಿಡ್ತಿರಲಿಲ್ಲ. ನಾನು ಉಜ್ಜಿಕೊಟ್ಟಿದ್ದಕ್ಕೆ ಇವರು ಕುಂಚದಿಂದ ತೆಳ್ಳಗೆ ಸವರಿ, ಜೋಡಿಸಿ, ಕಾಯಿಸಿ, ಬೆಸುಗೆ ಬಿಟ್ಟು, ಮೇಲಿಂದ ಒದ್ದೆ ಬಟ್ಟೇಲಿ ಒರೆಸ್ತಿದ್ರು. ಪೇಸ್ಟ್ ಜಾಸ್ತಿ ಆದ್ರೆ ಒಳಗೆ ಇಳಿಯುತ್ತೆ ಅಂತ ಅವರಿಗೆ ಅದರದ್ದೇ ಧ್ಯಾನ. ಕೊನೆ ಜಾಯಿಂಟ್ ಮುಗಿದ ಮೇಲೆ, ಮಧ್ಯಾಹ್ನ, ಇವರು ಹೊರಗೆ ಒಲೆ ಹೂಡಿ ದೊಡ್ಡ ಪಾತ್ರೇಲಿ ನೀರು ಕಾಯೋಕಿಟ್ರು. ಲೈನ್ ತೊಳೆಯೋಕೆ.

ಆ ಹೊತ್ತಿಗೆ ಅತ್ತೆ ಬಂದ್ರು, ಕಾರಿನಲ್ಲಿ, ಭಾವನ ಜೊತೆ. ನೀರು ಯಾಕೆ ಅಂತ ಕೇಳಿದ್ರು. ಇವರು ಹೇಳಿದ್ರು. ಅತ್ತೆ ಮುಖ ಬಿಗಿದುಕೊಂಡ್ರು.

"ಗಂಗೆ ಪೂಜೆ ಆಗದೆ ಈ ಮನೆ ನಲ್ಲೀಲಿ ನೀರು ಬರಬಾರದು," ಅಂದ್ರು.

ನಮ್ಮ ಕಡೆ ಗೃಹಪ್ರವೇಶದ ಬೆಳಿಗ್ಗೆ ಮುತ್ತೈದೆಯರು ಗಂಗೆ ಪೂಜೆ ಮಾಡಿ ನೀರು ತರ್ತಾರೆ, ಹಾಲು ಉಕ್ಕಿಸ್ತಾರೆ, ಅದೆಲ್ಲ ಸರಿ. ಆದ್ರೆ ನಲ್ಲಿ ತಿರುಗಿಸಬಾರದು ಅನ್ನೋದನ್ನ ನಾನು ಬೇರೆಲ್ಲೂ ಕೇಳಿಲ್ಲ. ಗೋಡೆಗೆ ತಿಂಗಳುಗಟ್ಟಲೆ ಹೊಡೆದಿದ್ದು ನೀರಲ್ವಾ, ಸಿಮೆಂಟ್ ಕಲಸಿದ್ದು ನೀರಲ್ವಾ ಅಂತ ಕೇಳೇಬಿಟ್ಟೆ. ಅದು ಹೊರಗಿಂದ ತಂದ ನೀರು, ಇದು ಮನೆಯದೇ ನೀರು ಅಂದ್ರು ಅತ್ತೆ. ಅವರ ಅತ್ತೆ ಮನೇಲಿ ಪೂಜೆಗೆ ಮುಂಚೆ ಬಾವಿಯಿಂದ ನೀರು ಸೇದಿ ಯಾರಿಗೋ ಕೆಟ್ಟದಾಯ್ತಂತೆ. ಇವರು ತಾಯಿ ಮುಂದೆ ಕೈ ಕಟ್ಟಿ ನಿಂತು, ಅಮ್ಮ, ಇದು ಔಷಧಿ ಹಚ್ಚಿದ ಪೈಪು, ಇವತ್ತೇ ತೊಳೀಬೇಕು, ಇಲ್ಲಾಂದ್ರೆ ಒಳಗೊಳಗೇ ತಿನ್ನುತ್ತೆ ಅಂತ ಮಗುವಿಗೆ ಹೇಳೋ ಹಾಗೆ ಹೇಳಿದ್ರು. ಭಾವ ಗೇಟಿನ ಹತ್ರ ಫೋನಿನಲ್ಲಿದ್ರು. ಪೂಜೆಗೆ ಇನ್ನು ಕೆಲವೇ ದಿನ ಅಲ್ವೇನೋ, ಅಷ್ಟರಲ್ಲಿ ಏನು ತಿಂದುಬಿಡುತ್ತೆ, ಅಮ್ಮ ಹೇಳಿದ ಹಾಗೆ ಮಾಡು ಅಂತ ತಮ್ಮನಿಗೆ ಅಲ್ಲಿಂದಲೇ ಅಂದ್ರು. ಇವರು ಕಾದ ನೀರನ್ನ ಅಂಗಳಕ್ಕೆ ಚೆಲ್ಲಿದ್ರು. ಲೈನಿಗೆ ಪಂಪಿನಿಂದ ಗಾಳಿ ತುಂಬಿಸಿ ಟೆಸ್ಟ್ ಮಾಡಿದ್ರು. ಒಂದು ಕಡೆಯೂ ಸೋರಲಿಲ್ಲ.

ಉಳಿದ ಪೈಪಿನ ತುಂಡುಗಳನ್ನ ಬೇಕಾದ್ರೆ ತಗೊಂಡು ಹೋಗು ಅಂತ ಭಾವ ಅಂದಿದ್ರು. ಮಾರನೇ ದಿನ ಇವರು ಅದೇ ತುಂಡುಗಳಿಂದ, ಅದೇ ಡಬ್ಬೀಲಿ ಉಳಿದಿದ್ದ ಪೇಸ್ಟಿಂದ, ನಮ್ಮ ಬಚ್ಚಲಿಗೆ ಬಿಸಿನೀರಿನ ಲೈನ್ ಹಾಕಿದ್ರು. ಸಂಜೆಗೆ ಬಿಸಿನೀರು ಬಿಟ್ಟು ತೊಳೆದೆವು. ಮೊದಲು ಸ್ವಲ್ಪ ಹಸಿರು ಬಂತು, ಆಮೇಲೆ ತಿಳಿಯಾಯ್ತು. ಇದನ್ನ ನೆನಪಿಟ್ಟುಕೊಳ್ಳಿ.

ಗೃಹಪ್ರವೇಶಕ್ಕೆ ದಿನ ಹತ್ತಿರ ಬಂದಾಗ ದಾಯಾದಿ ಅಜ್ಜ ಒಬ್ಬರು ಹೋಗಿಬಿಟ್ರು. ಸೂತಕ. ಸೂತಕ ಕಳೆಯೋದರೊಳಗೆ ಆಷಾಢ ಹುಟ್ಟಿತು. ಇನ್ನು ಶ್ರಾವಣಕ್ಕೇ ಮುಹೂರ್ತ. ಇವರ ಮುಖ ನೋಡೋಕಾಗ್ತಿರಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಇನ್ನೊಂದು ಸಲ ಕೇಳಿದ್ರು, ಈಗಲಾದ್ರೂ ಒಂದು ಸಲ ತೊಳೀಲಾ ಅಂತ. ಭಾವ ಅಮ್ಮನ್ನ ಕೇಳು ಅಂದ್ರು. ಅತ್ತೆ ಮೊದಲು ಹೇಳಿದ್ದನ್ನೇ ಹೇಳಿದ್ರು, ಸಾವಿನ ಬೆನ್ನಿಗೆ ನೀರು ಬಿಡ್ತಾರೇನೋ ಅಂತ ಇನ್ನೊಂದು ಸೇರಿಸಿದ್ರು. ಗೊತ್ತಾಗದ ಹಾಗೆ ಹೋಗಿ ತೊಳೆದು ಬನ್ನಿ, ಅವರೇನು ಪೈಪಿನೊಳಗೆ ಇಣುಕಿ ನೋಡ್ತಾರಾ ಅಂತ ನಾನು ಇವರ ತಲೆ ತಿಂದೆ. ಬೀಗದ ಕೈ ಅಣ್ಣನ ಹತ್ರ ಇದೆ, ಅಮ್ಮನಿಗೆ ಮಾತು ಕೊಟ್ಟಿದ್ದೀನಿ ಅಂದ್ರು. ಇಂಥ ಮನುಷ್ಯನನ್ನ ಕಟ್ಟಿಕೊಂಡು ನಾನು ಏನು ಮಾಡ್ಲಿ ಹೇಳಿ.

ಆಷಾಢ ಪೂರ್ತಿ ಮಳೆ ಹಿಡೀತು. ಮುಚ್ಚಿದ ಮನೇಲಿ, ಗೋಡೆಯೊಳಗೆ, ಆ ಪೇಸ್ಟು ತನ್ನ ಕೆಲಸ ಮಾಡ್ಕೊಂಡು ಕೂತಿತ್ತು.

ಶ್ರಾವಣದಲ್ಲಿ ಗೃಹಪ್ರವೇಶ ಬಂತು. ಮನೆ ತುಂಬ ಜನ. ಮಂಡಿಯವರು, ತೀರ್ಥಹಳ್ಳಿ ಕಡೆಯ ತೋಟದವರು, ನೆಂಟರು. ಲಾಡ್ಜಿನವರು ಬಿಳಿ ಅಂಗಿ ಹಾಕಿಕೊಂಡು ಬೇಗನೇ ಬಂದಿದ್ರು. ಇವರು ಮದುವೇಲಿ ಹೊಲಿಸಿದ್ದ ಪ್ಯಾಂಟ್ ಹಾಕಿಕೊಂಡು, ಅವರಿಗೆ ಮಹಡಿ ಮೇಲೆ ಲೈನ್ ತೋರಿಸಿ ಬಂದ್ರು. ಜಾಯಿಂಟ್ ಎಲ್ಲ ಒಂದೇ ಸಮ ಇದೆ, ಒಂದು ತೊಟ್ಟು ಬೆಸುಗೆ ಹೊರಗೆ ಇಳಿದಿಲ್ಲ ಅಂತ ಅವರು ಬೆನ್ನು ತಟ್ಟಿದ್ರಂತೆ. ಇಳಿದು ಬರುವಾಗ ಇವರು ನನ್ನ ಕಡೆ ನೋಡಿ ನಕ್ಕಿದ್ದು ಈಗಲೂ ಕಣ್ಣ ಮುಂದೆ ಇದೆ. ಇನ್ನು ನೀರು ಬಂದರೆ ಮುಗೀತು.

ಇಲ್ಲಿ ನಾನು ಇವರನ್ನೂ ಬಿಡಲ್ಲ. ಬೆಳಿಗ್ಗೆ ಯಾರೂ ಬರೋ ಮುಂಚೆ ಹೋಗಿ ತೊಳೀಬಹುದಿತ್ತು. ಹಾಗೆ ಮಾಡದೆ, ಪೂಜೆ ಆಗಲಿ, ಆದ ಕೂಡಲೇ ಬಚ್ಚಲ ನಲ್ಲಿ ಬಿಟ್ಟು ಒಂದರ್ಧ ಗಂಟೆ ಹರಿಸ್ತೀನಿ, ಆಮೇಲೆ ಅಡುಗೆಮನೇದು ಬಿಡಲಿ ಅಂತ ಅಣ್ಣನಿಗೆ ಹೇಳಿಟ್ಟಿದ್ರು. ಭಾವ ಆಯ್ತು ಅಂದಿದ್ರು. ಆದ್ರೆ ಮಂಗಳಾರತಿ ಮುಗಿದ ಕೂಡಲೇ ಅತ್ತೆ, ಮೊದಲ ನೀರು ಒಲೆ ಹತ್ರಾನೇ ಬರಬೇಕು ಅಂತ ಎಲ್ಲರನ್ನೂ ಅಡುಗೆಮನೆಗೆ ನುಗ್ಗಿಸಿದ್ರು. ಇವರು ಜನದ ಮಧ್ಯೆ ಕೈ ಎತ್ತಿ, ಅಣ್ಣಾ, ತಡಿ ಅಂದ್ರು. ವಾದ್ಯದ ಗಲಾಟೇಲಿ ಯಾರಿಗೂ ಕೇಳಿಸಲಿಲ್ಲ. ಓರಗಿತ್ತಿ ಬೆಳ್ಳಿ ಚೊಂಬು ಹಿಡಿದು ನಲ್ಲಿ ತಿರುಗಿಸಿದ್ರು.

ಗಾಳಿ ಬುಸುಗುಟ್ಟಿತು. ಆಮೇಲೆ ನೀರು ಬಂತು. ನೀಲಿ ಹಸಿರು ಬಣ್ಣದ ನೀರು, ಗಾಢವಾಗಿ. ಬೆಳ್ಳಿ ಚೊಂಬು ತುಂಬ ಅದೇ.

ಅಡಿಕೆ ಜನಕ್ಕೆ ಆ ಬಣ್ಣ ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಂತ ಮೈಲುತುತ್ತ ಕಲಸಿ ಮರಕ್ಕೆ ಹೊಡೀತಾರಲ್ಲ, ಥೇಟ್ ಅದು. ತೋಟದವರೊಬ್ಬರು, ಏನ್ ಮಾರಾಯ, ಸೊಸೈಟಿಗೆ ಹೋಗೋದೇ ಬೇಡ, ನಿಮ್ಮನೆ ನಲ್ಲೀಲೇ ಔಷಧಿ ಬರುತ್ತಲ್ಲ ಅಂದ್ರು. ಇಡೀ ಅಡುಗೆಮನೆ ಘೊಳ್ಳಂತ ನಕ್ಕಿತು. ಪುರೋಹಿತರೂ ನಕ್ಕರು. ಓರಗಿತ್ತಿ ಮಾತ್ರ ಅಪಶಕುನ ಅಂತ ಚೊಂಬು ಕೆಳಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡ್ರು. ಆಗ ನಗು ನಿಂತಿತು, ಎಲ್ಲರೂ ಇವರ ಕಡೆ ತಿರುಗಿದ್ರು. ಲಾಡ್ಜಿನವರು ಬಾಗಿಲ ಹತ್ರಾನೇ ನಿಂತಿದ್ರು.

ಭಾವನ ಮುಖ ಕೆಂಪಾಗಿತ್ತು. ಏನು ಹಚ್ಚಿದ್ದೀಯೋ ಪೈಪಿಗೆ, ವಿಷವಾ, ನನ್ನ ಹೆಂಡತಿ ಮಕ್ಕಳು ಕುಡಿಯೋ ನೀರು ಅಂತ ಜ್ಞಾನ ಬೇಡ್ವಾ ಅಂತ ಎಲ್ಲರೆದುರು ಕೇಳಿದ್ರು. ಹೇಳಿದ್ದು, ಕೇಳಿದ್ದು, ಫೋನಿನಲ್ಲಿ ಒಪ್ಪಿದ್ದು ಒಂದೂ ನಡೆದೇ ಇಲ್ಲ ಅನ್ನೋ ಹಾಗೆ. ಇವರು ತಾಯಿ ಕಡೆ ತಿರುಗಿದ್ರು. ಒಂದು ಮಾತು ಸಾಕಿತ್ತು. ನೀರು ಬಿಡಬೇಡ ಅಂದಿದ್ದು ನಾನು ಅಂತ ಅತ್ತೆ ಅಷ್ಟು ಹೇಳಿದ್ರೆ ಲಾಡ್ಜ್ ಉಳೀತಿತ್ತು, ಮಾನ ಉಳೀತಿತ್ತು, ಅತ್ತೆಯ ಗಂಟೇನೂ ಹೋಗ್ತಿರಲಿಲ್ಲ.

"ಅಮ್ಮ, ನೀನೇ ಹೇಳಮ್ಮ," ಅಂದ್ರು.

ಅತ್ತೆ ಹೂವಿನ ತಟ್ಟೆ ಸರಿಮಾಡ್ತಾ ಇದ್ರು. ತಲೆ ಎತ್ತಲಿಲ್ಲ.

"ನಂಗೇನಪ್ಪ ಗೊತ್ತು ಪೈಪಿನ ವಿಷಯ. ಚಿಕ್ಕೋನಿದ್ದಾಗಿಂದ ನಿನ್ನ ಕೆಲಸ ಎಲ್ಲ ಹೀಗೇ."

ನನಗೆ ಮೈ ಉರಿದುಹೋಯ್ತು. ಬಾಯಿಬಿಟ್ಟೆ. ಒಲೆ ಮೇಲೆ ಕಾದ ನೀರನ್ನ ಚೆಲ್ಲಿಸಿದ್ದು ಯಾರು, ಗಂಗೆ ಪೂಜೆ ಕಥೆ ಹೇಳಿದ್ದು ಯಾರು, ಸಾಬರ ಅಂಗಡಿಯಿಂದ ಫೋನ್ ಮಾಡಿದಾಗ ಬೇಗ ಆಗೋದು ತಗೊ ಅಂದಿದ್ದು ಯಾರು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅರ್ಧ ಜನಕ್ಕೆ ಅರ್ಥವಾಗಿರಬೇಕು. ಭಾವ ನಕ್ಕು, ಮನೆ ಹೆಂಗಸರನ್ನ ಮುಂದೆ ಬಿಟ್ಟು ಹಿಂದೆ ನಿಂತಿದ್ದೀಯಲ್ಲೋ ಅಂದ್ರು. ಆಗ ಇವರು ನನ್ನ ತೋಳು ಹಿಡಿದು, ಸುಮ್ನಿರು, ತಪ್ಪು ನಂದೇ ಅಂದ್ರು. ಎಲ್ಲರಿಗೂ ಕೇಳೋ ಹಾಗೆ ಅಂದ್ರು. ತಾಯಿಗೆ ಅವಮಾನ ಆಗಬಾರದಲ್ಲ. ಅತ್ತೆ ಆ ಮಾತನ್ನ ಪ್ರಸಾದ ಈಸಿಕೊಂಡ ಹಾಗೆ ಈಸಿಕೊಂಡ್ರು.

ಜನ ಊಟಕ್ಕೆ ಕೂತ್ರು. ಹೋಳಿಗೆ ಬಡಿಸ್ತಾ ಇದ್ರು. ಇವರು ಆ ಪ್ಯಾಂಟ್ ಮಡಿಚಿಕೊಂಡು ಒಬ್ಬರೇ ಬಚ್ಚಲಲ್ಲಿ ನಿಂತು ನಲ್ಲಿಗಳನ್ನೆಲ್ಲ ಬಿಟ್ಟು ಲೈನ್ ತೊಳೆದ್ರು. ಹಸಿರು ತೆಳುವಾಯ್ತು, ಆಮೇಲೆ ಹೋಯ್ತು, ನೀರು ಕನ್ನಡಿ ಹಾಗೆ ಬಂತು. ಲೋಟದಲ್ಲಿ ಹಿಡಿದು ನನ್ನ ಕೈಗೆ ಕೊಟ್ರು. ನಾನು ಅದನ್ನ ಊಟದ ಪಂಕ್ತಿಗೆ ಒಯ್ದು ಲಾಡ್ಜಿನವರಿಗೆ ತೋರಿಸಿದೆ. ಆಯ್ತಮ್ಮ ಆಯ್ತಮ್ಮ ಅಂತ ಅವರು ಎಲೆ ಕಡೆ ನೋಡಿದ್ರು. ಊಟ ಮುಗಿಸಿ ಹೊರಗಿನ ಪ್ಲಾಸ್ಟಿಕ್ ಟ್ಯಾಂಕಿನ ನಲ್ಲೀಲಿ ಕೈ ತೊಳೆದು ಕಾರು ಹತ್ತಿದ್ರು. ಲಾಡ್ಜ್ ಕೆಲಸ ಇನ್ಯಾರಿಗೋ ಹೋಯ್ತು, ಪ್ಲಾಸ್ಟಿಕ್ ಪೈಪ್ ಸಮೇತ.

ಅಷ್ಟಕ್ಕೇ ಬಿಟ್ಟರಾ? ದೀಪಾವಳಿ ಹೊತ್ತಿಗೆ ದೇವರ ಕೋಣೆ ಗೋಡೆ ಒದ್ದೆ ಆಯ್ತು. ಪೇಸ್ಟು ಒಳಗಿಂದ ಕೊರೆದು ಪೈಪಿಗೆ ಸೂಜಿ ತೂತು ಬಿದ್ದಿತ್ತು. ಭಾವ ಫೋನ್ ಮಾಡಿ, ನೀನೇ ಬಂದು ಒಡಿ ಅಂದ್ರು. ಇವರು ಹೋಗಿ, ತಾವೇ ಕೂರಿಸಿದ ಲೈನನ್ನ ತಾವೇ ಗೋಡೆ ಒಡೆದು ಎಳೆದು ಹಾಕಿ ಬಂದ್ರು. ಸಂಜೆ ಬಸ್ಸಿಳಿದು ಮನೆಗೆ ಬರುವಾಗ ಫ್ಯಾಮಿಲಿ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂದಿತ್ತು. ಸೀಳಿದ ಪೈಪಿನ ತುಂಡು, ಒಳಗೆಲ್ಲ ಹಸಿರು. ಕೆಳಗೆ, ನಮ್ಮ ಮನೆ ಇಂಜಿನಿಯರ್ ಕೈಚಳಕ ಅಂತ ಭಾವ ಬರೆದಿದ್ರು. ನಗೋ ಮುಖಗಳು ಸಾಲಾಗಿ ಬಿದ್ದವು. ನೆಂಟರ ಮಕ್ಕಳು ಇವರಿಗೆ ಮೈಲುತುತ್ತ ಚಿಕ್ಕಪ್ಪ ಅಂತ ಹೆಸರಿಟ್ಟವು. ಮದುವೆ ಮನೇಲಿ ಇವರು ನೀರು ಬಡಿಸೋಕೆ ಹೋದ್ರೆ ಬಣ್ಣ ನೋಡ್ಕೊಂಡು ಕುಡೀರಿ ಅಂತ ದೊಡ್ಡವರೇ ತಮಾಷೆ ಮಾಡೋರು. ಇವರೂ ನಗ್ತಿದ್ರು. ಒಂದು ದಿನ ಪೈಪ್ ಕಾಯಿಸೋ ಬ್ಲೋ ಲ್ಯಾಂಪು, ಕುಂಚ, ಉಳಿದ ಬೆಸುಗೆ ತಂತಿ ಎಲ್ಲ ಗೋಣೀಲಿ ಕಟ್ಟಿ ಗುಜರಿಯವನಿಗೆ ಹಾಕಿಬಿಟ್ರು. ನಾನು ತಡೆದೆ, ಕೇಳಲಿಲ್ಲ.

ನಮ್ಮ ಬಚ್ಚಲ ಲೈನ್ ಮಾತ್ರ ಇವತ್ತಿಗೂ ಒಂದು ತೊಟ್ಟು ಸೋರಿಲ್ಲ. ಅದೇ ಪೈಪು, ಅದೇ ಪೇಸ್ಟು, ಅದೇ ಕೈ. ಬಂದು ನೋಡಿ ಅಂತ ನಾನು ಎಲ್ಲರಿಗೂ ಹೇಳಿದೆ. ಯಾರಿಗೆ ಬೇಕಾಗಿದೆ.

ಆಮೇಲಿನದು ಶುರುವಾಗಿದ್ದು ಕಳೆದ ಚಳಿಗಾಲದಲ್ಲಿ. ಅತ್ತೆಗೆ ಮೊಣಕಾಲು ಎರಡೂ ಕೂತುಬಿಟ್ಟವು. ಒಬ್ಬರು ಹಿಡಿದು ಎಬ್ಬಿಸಬೇಕು, ಹಿಡಿದು ಕೂರಿಸಬೇಕು. ಭಾವ ಕಾರಿನಲ್ಲಿ ಕರೆತಂದು, ಒಂದೆರಡು ದಿನ ಇಲ್ಲಿರಲಿ, ಹವಾ ಬದಲಾದ್ರೆ ಒಳ್ಳೇದು ಅಂದ್ರು. ಶಿವಮೊಗ್ಗಕ್ಕೂ ಭದ್ರಾವತಿಗೂ ಏನು ಹವಾ ವ್ಯತ್ಯಾಸ, ನೀವೇ ಹೇಳಿ. ಒಂದು ಚೀಲ ಬಟ್ಟೆ ಇಟ್ಟು, ಒಳಗೂ ಬರದೆ ಕಾರು ತಿರುಗಿಸಿದ್ರು. ಆಮೇಲೆ ಫೋನ್ ಮಾಡಿದ್ರೆ ಸೀಸನ್ ಮುಗೀಲಿ, ಮಂಡೀಲಿ ಪುರುಸೊತ್ತಿಲ್ಲ ಅಂತಾರೆ. ಯಾವ ಸೀಸನ್ನೋ, ಇನ್ನೂ ಮುಗಿದಿಲ್ಲ.

ಇವರು ತಾಯಿಯನ್ನ ದೇವರ ಹಾಗೆ ನೋಡಿಕೊಂಡ್ರು. ದಿನಾ ಬೆಳಿಗ್ಗೆ ತೋಳಿಗೆ ತೋಳು ಕೊಟ್ಟು ಬಚ್ಚಲಿಗೆ ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿ, ಟವೆಲ್ ಹಿಡಿದು ಹೊರಗೆ ನಿಲ್ತಿದ್ರು. ಸ್ನಾನ ಮಾಡಿಸೋದು ನನ್ನ ಪಾಲು. ಮೊದಲ ದಿನವೇ ನಾನು ನಲ್ಲಿ ಮೇಲೆ ಕೈ ಇಟ್ಟು, "ನೀರು ಬಿಡಲಾ ಅತ್ತೆ?" ಅಂತ ಕೇಳಿದೆ.

ಅವರು ನನ್ನ ಮುಖ ನೋಡಿದ್ರು. ಅರ್ಥವಾಯ್ತು. ಹೆಂಗಸು ಚುರುಕು. ಬಿಡು ಅಂದ್ರು. ಆಮೇಲೆ ನಾನು ನಲ್ಲಿ ತಿರುಗಿಸಿದೆ. ಅವತ್ತಿಂದ ದಿನಾ ಕೇಳ್ತೀನಿ. ಮೈ ಬಿಚ್ಚಿ ಚಳೀಲಿ ನಡುಗ್ತಾ ಕೂತಿರ್ತಾರೆ, ಅವರ ಬಾಯಿಂದ ಬರೋ ತನಕ ಬಿಡಲ್ಲ. ಇವರಿಗೆ ಗೊತ್ತು. ಯಾಕೆ ಹಾಗೆ ಮಾಡ್ತೀಯ, ವಯಸ್ಸಾದವರು ಅಂತ ಒಂದು ಸಲ ಹೇಳಿದ್ರು. ನಾನೇನು ಬೈದೆನಾ, ಹೊಡೆದೆನಾ, ಕೇಳಿ ಬಿಡ್ತೀನಿ ಅಷ್ಟೆ ಅಂದೆ. ಪಾಪ ಅಂತ ನನಗೆ ಅನ್ನಿಸಿಲ್ಲ. ಅನ್ನಿಸುತ್ತೆ ಅಂತ ಕಾಯ್ತಾನೂ ಇಲ್ಲ.

ಮೊನ್ನೆ ಒಂದು ಬೆಳಿಗ್ಗೆ ಚಳಿ ಜೋರಿತ್ತು. ನಾನು ಕೇಳಿದೆ. ಅವರು ಬಿಡು ಅನ್ನಲಿಲ್ಲ. ಗೋಡೆ ಮೇಲಿನ ತಾಮ್ರದ ಪೈಪನ್ನೇ ನೋಡ್ತಾ ಇದ್ರು.

"ಅವತ್ತು ಬಿಡಬೇಡ ಅಂದಿದ್ದು ನಾನೇ ಕಣೆ. ಮರೆತಿಲ್ಲ," ಅಂದ್ರು. "ಅಷ್ಟು ಜನರೆದುರು ಒಪ್ಪಿಕೊಂಡಿದ್ರೆ ದೊಡ್ಡೋನ ಹೆಂಡ್ತಿ ನನ್ನ ಆ ಮನೇಲಿ ಇಟ್ಕೊಳ್ತಿದ್ಲಾ? ಅಪಶಕುನ ತಂದೋಳು ನಾನೇ ಅನ್ತಿದ್ಲು. ಇವನಿಗೆ ಏನು ಮಾಡಿದ್ರೂ ನಡೆಯುತ್ತೆ. ಇವನು ಹೇಗಿದ್ರೂ ನನ್ನ ಬಿಡಲ್ಲ, ಅದು ನಂಗೆ ಗೊತ್ತಿತ್ತು."

ಸಂತೇಲಿ ಯಾವ ಬದನೆಕಾಯಿ ಆರಿಸಿದೆ ಅಂತ ಹೇಳೋ ಹಾಗೆ ಹೇಳಿದ್ರು. ಬಾಗಿಲು ಅರ್ಧ ತೆರೆದಿತ್ತು. ಟವೆಲ್ ಹಿಡಿದು ಹೊರಗೆ ನಿಂತಿದ್ದ ಇವರಿಗೆ ಒಂದೊಂದು ಅಕ್ಷರವೂ ಕೇಳಿಸಿತ್ತು. ಬಾಗಿಲ ಸಂದೀಲಿ ಕೈ ಮಾತ್ರ ಒಳಗೆ ಚಾಚಿ ಟವೆಲನ್ನ ಮೊಳೆಗೆ ಹಾಕಿ ಹೋದ್ರು. ಅವತ್ತು ಕೆಲಸಕ್ಕೆ ಹೋಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅತ್ತೆ ಮಂಚದ ಮೇಲೆ ಎದ್ದು ಕೂತು, ತೋಳು ಚಾಚಿಕೊಂಡು ಮಗನ ದಾರಿ ನೋಡ್ತಿದ್ರು. ಮಗಾ ಅಂತ ಕರೆದ್ರು. ಇವರು ಹೊರಗೆ ಕಟ್ಟೆ ಮೇಲೆ ಕಾಫಿ ಹಿಡಿದುಕೊಂಡು ಕೂತಿದ್ರು, ಕಿಟಕಿಯಿಂದ ಬೆನ್ನು ಕಾಣ್ತಿತ್ತು. ಏಳಲಿಲ್ಲ. ನೀನೇ ಕರ್ಕೊಂಡು ಹೋಗು ಅಂತ ನನಗೆ ಅಲ್ಲಿಂದಲೇ ಹೇಳಿದ್ರು. ಇಷ್ಟು ವರ್ಷದಲ್ಲಿ ಇವರು ತಾಯಿ ಕರೆದಾಗ ಏಳದೇ ಇದ್ದದ್ದನ್ನ ನಾನು ನೋಡಿದ್ದು ಅದೇ ಮೊದಲು. ಅತ್ತೆ ಕಿಟಕಿ ಕಡೆ ನೋಡಿದ್ರು, ನನ್ನ ನೋಡಿದ್ರು. ಮತ್ತೊಂದು ಸಲ ಕರೆದ್ರು. ಕಟ್ಟೆ ಮೇಲೆ ಲೋಟ ಇಟ್ಟ ಸದ್ದು ಕೇಳಿಸಿತು, ಅಷ್ಟೆ.

ನಾನೇ ಹಿಡಿದು ಎಬ್ಬಿಸಿದೆ. ನನ್ನ ಕೈಗೆ ಅವರ ಭಾರ ಅಭ್ಯಾಸ ಇರಲಿಲ್ಲ, ಗೋಡೆ ಹಿಡಿದು ಹಿಡಿದು ಹೋದೆವು. ಸ್ಟೂಲಿನ ಮೇಲೆ ಕೂರಿಸಿ, ಸೀರೆ ತೆಗೆದು, ನಲ್ಲಿ ಮೇಲೆ ಕೈ ಇಟ್ಟೆ.

"ನೀರು ಬಿಡಲಾ ಅತ್ತೆ?"

ಅವರು ಬಾಗಿಲ ಕಡೆಯೇ ನೋಡ್ತಾ ಇದ್ರು, ಟವೆಲ್ ಹಿಡಿದು ನಿಲ್ಲೋ ಜಾಗ ಖಾಲಿ ಇತ್ತು. ಅವರು ಹೇಳೋ ತನಕ ನಾನು ನಲ್ಲಿ ತಿರುಗಿಸಲಿಲ್ಲ.